ಮಾಲೀಕರ ಕಸ, ಬಾಡಿಗೆಯವರ ಕಸ

ಪರರ ಮನೆಯ ಕಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಮ್ಮ ಸೋದರತ್ತೆ ಮಾತ್ರ ಅದನ್ನು ಬಿಚ್ಚಿ ನೋಡಿದವರು! ಅದೂ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಹಾಡಹಗಲು, ಕೈಗವಸು ಹಾಕಿಕೊಂಡು. ನಗಬೇಡಿ, ನನಗೆ ಅವರ ಬಗ್ಗೆ ವಿಪರೀತ ಹೆಮ್ಮೆ.

ಕಲ್ಯಾಣದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಅತ್ತೆಯ ಮುಂದೆ "ಅದಕ್ಕಿಂತ ಇದು ಮೇಲು" ಅಂದಿರೋ, ಕೆಟ್ಟಿರಿ! ಬಿಸಿನೀರಲ್ಲಿ ಕಲಸಿದರೆ ಜೋಳದ ರೊಟ್ಟಿ ಹೆಚ್ಚು ಉಬ್ಬುತ್ತದೆ ಎಂದು ಒಮ್ಮೆ ನನ್ನ ಅಮ್ಮ ಬಾಯಿತಪ್ಪಿ ಅಂದರು. ತಗೊಳ್ಳಿ! ವಾರವಿಡೀ ಬಿಸಿನೀರಿನದೊಂದು ಗುಂಪು, ತಣ್ಣೀರಿನದೊಂದು ಗುಂಪು. ಯಾವುದರಲ್ಲಿ ಉಬ್ಬಿದವುಗಳ ಪಾಲೆಷ್ಟು? ಬಿಸಿನೀರೇ ಗೆದ್ದಿತು, ಅಮ್ಮ ಬೀಗಿದರು. ಉಬ್ಬದ ರೊಟ್ಟಿಗಳನ್ನೆಲ್ಲ ತಿಂದು ಮುಗಿಸಿದವರು ಅತ್ತೆಯ ಗಂಡ, ನಮ್ಮ ಮಾವ. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ರೊಟ್ಟಿಗೆ ಸರಿ, ಮನುಷ್ಯರಿಗೆ? ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅತ್ತೆಯದು ಸ್ವಂತ ಫ್ಲ್ಯಾಟು, ಅದರ ಮೇಲಿನ ಮಹಡಿಯಲ್ಲಿ ನಮ್ಮದು ಬಾಡಿಗೆಯದು. ಹಸಿ ಕಸ, ಒಣ ಕಸ ಬೆರೆಸುವವರು ಬಾಡಿಗೆಯವರೇ, ಇನ್ನು ಅವರಲ್ಲಿ ಯಾರ ಬಾಡಿಗೆ ಕರಾರನ್ನೂ ಮುಂದುವರಿಸಬಾರದು ಎಂದು ಸೆಕ್ರೆಟರಿ ಠರಾವು ತಂದರು. ನನ್ನ ಮಗಳ ಶಾಲೆ ಪಕ್ಕದ ಗಲ್ಲಿಯಲ್ಲಿ. ಈ ಮನೆ ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಅತ್ತೆ ಎದ್ದು ನಿಂತರು. ಎರಡು ಗುಂಪಿಗೂ ಫರಕಿಲ್ಲ ಎಂದುಕೊಂಡೇ ಹೊರಡೋಣ, ಇದೆ ಎನ್ನಬೇಕಾದರೆ ಆಧಾರ ಬೇಕು ಎಂದರು. ಎಷ್ಟು ಅಂತರ ಬಂದರೆ ನಂಬುವುದೆಂದು ಮೊದಲೇ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಆಮೇಲೆ ಎರಡೂ ಕಡೆಯ ಮನೆಗಳನ್ನು ಚೀಟಿ ಎತ್ತಿ ಆರಿಸಿದರು. ನಮ್ಮ ಚೀಟಿಯೂ ಬಂತು. ಚೀಲ ಬಿಚ್ಚಿದರೆ ಚಹಾಪುಡಿಯ ಜೊತೆ ಬಿಸ್ಕತ್ತಿನ ಪ್ಲಾಸ್ಟಿಕ್ಕು!

"ಅತ್ತಿ, ನಮ್ಮದೊಂದು ಬಿಟ್ಟಬಿಡ್ರಿ," ಎಂದು ಪಿಸುಗುಟ್ಟಿದೆ.

"ಯಾಕ? ಬಿಟ್ರ ಅದು ಪರೀಕ್ಷಾ ಅಲ್ಲ, ಮುದ್ದು ಮಾಡೂದು!"

ಮಾಲೀಕರ ಚೀಟಿಗಳಲ್ಲಿ ಅತ್ತೆಯದೇ ಮನೆ ಬಂತು. ಅಲ್ಲಿಯೂ ಈರುಳ್ಳಿ ಸಿಪ್ಪೆ, ಹಾಲಿನ ಪಾಕೀಟು ಒಟ್ಟಿಗೇ! ಅದನ್ನೂ ತಪ್ಪಿನ ಲೆಕ್ಕಕ್ಕೆ ಬರೆದುಕೊಂಡು ಅತ್ತೆ ಮಾವನ ಕಡೆ ಬೀರಿದ ನೋಟವನ್ನು ನಾನು ವರ್ಣಿಸಲಾರೆ.

ಕೊನೆಗೆ ಬಾಡಿಗೆಯವರ ತಪ್ಪಿನ ಪಾಲು ತುಸು ಹೆಚ್ಚೇ ಬಂತು. "ಫರಕ್ ತರ್ ದಿಸ್ತೋಯ್ ನಾ, ಮೇಡಮ್!" ಎಂದು ಸೆಕ್ರೆಟರಿ ಸಭೆಯಲ್ಲಿ ಕುಣಿದರು. ಫರಕು ಕಾಣುತ್ತಿದೆ ನಿಜ, ಆದರೆ ಇಷ್ಟು ಸಣ್ಣ ಅಂತರ ಚೀಟಿ ಎತ್ತಿದ ಕೈಯ ಅದೃಷ್ಟದಿಂದಲೂ ಬರಬಹುದು ಎಂದು ಅತ್ತೆ ಮರಾಠಿಯಲ್ಲೇ ತಣ್ಣಗೆ ಹೇಳಿದರು. ಫರಕೇ ಇಲ್ಲವೆಂದು ತಾನೂ ಹೇಳುವುದಿಲ್ಲ, ಆದರೆ ಜನರನ್ನು ಮನೆ ಬಿಡಿಸಲು ಇಷ್ಟು ಆಧಾರ ಸಾಲದು ಎಂದರು. ಬೋರ್ಡಿನ ಮೇಲೆ ಬರೆದದ್ದನ್ನು ಎಲ್ಲರೂ ಮತ್ತೊಮ್ಮೆ ಓದಿದರು, ಬಂದ ಅಂತರ ಅದಕ್ಕಿಂತ ಕಡಿಮೆಯೇ ಇತ್ತು. ಠರಾವು ಬಿದ್ದುಹೋಯಿತು. ಅಂಥ ಅತ್ತೆಯನ್ನು ಪಡೆದ ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಮೆಟ್ಟಿಲು ಹತ್ತುವಾಗ ಕೇಳಿಯೇಬಿಟ್ಟೆ. "ಅತ್ತಿ, ಖರೇನ ಫರಕ ಐತಿ ಅಂತ ಬಂದಿದ್ರ?"

"ಬಂದಂಗ ಹೇಳ್ತಿದ್ದೆ."

ಅವರು ರೇಲಿಂಗು ಹಿಡಿದು ನಿಂತರು.

"ಮರುದಿನ ಈ ಮನಿ ಮಾರಿ, ನಿಮ್ಮ ಜೋಡಿ ನಾವೂ ಬಾಡಿಗಿ ಮನಿ ಹುಡಕ್ತಿದ್ವಿ. ನಿನ್ನ ಬಿಟ್ಟು ನಾ ಹ್ಯಾಂಗ ಇರ್ಲಿ, ಹುಚ್ಚಿ?"