ಸೇಫ್ಟಿ ಪಿನ್ನಿನವರ ಅವಗಾಹನೆಗೆ: ಸಂಘದ ತೋಟದ ಪೈಪಿನ ವಿಚಾರ

ಚಳ್ಳಕೆರೆ, ಫೆಬ್ರವರಿ 2003

ಬಿ.ಜಿ. ಕೆರೆ ಊರಿನ ಅಕ್ಕಂದಿರ ಬಳೆಗಳಲ್ಲೂ ತಾಳಿ ಸರಗಳಲ್ಲೂ ಸುಖವಾಗಿ ನೇತಾಡುತ್ತಾ, ಸೆರಗಿನ ಮಾನ ಕಾಯುತ್ತಿರುವ ಸೇಫ್ಟಿ ಪಿನ್ನಿನವರ ಸನ್ನಿಧಿಗೆ, ಲೇಡೀಸ್ ಹಾಸ್ಟೆಲಿನಿಂದ ಫೈನಲ್ ಇಯರ್ ಡಿಪ್ಲೊಮಾದ ಶಿಲ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮಂಥವರಿಗೆ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನಾನು ಕನ್ನಡದಲ್ಲಿ ಬರೆದಿರುವುದು ರಜೆ ಚೀಟಿ ಮಾತ್ರ. ಇಂಗ್ಲಿಷಿನಲ್ಲಿ ಬರೆಯೋಣವೆಂದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಆದರೆ ಸೋಮವಾರ ನಮ್ಮ ಪ್ರಾಜೆಕ್ಟಿನ ವೈವಾ. ಹೊರಗಿನ ಕಾಲೇಜಿನ ಎಕ್ಸಾಮಿನರ್ ಖುದ್ದಾಗಿ ತೋಟಕ್ಕೆ ಬಂದು ನಲ್ಲಿ ತಿರುಗಿಸುತ್ತಾರೆ. ಎಲ್ಲ ಸಾಲಿಗೂ ನೀರು ಹೋಗದಿದ್ದರೆ ನಾನೂ ನನ್ನ ಪಾರ್ಟ್‌ನರ್ ಲೋಹಿತನೂ ಫೇಲು.

ತಮಗೆ ಗೊತ್ತಿರುವಂತೆ, ಸಮುದಾಯ ಭವನದ ಹಿಂದಿರುವ ಮಹಿಳಾ ಸಂಘದ ತೋಟಕ್ಕೆ ನಾವು ಹನಿ ನೀರಾವರಿಯ ಡ್ರಿಪ್ ಹಾಕಿದ್ದೇವೆ. ಒಂದು ತುದಿಯಲ್ಲಿ ಕಲ್ಲುಕಟ್ಟೆಯ ಮೇಲೆ ಡ್ರಮ್ಮು, ಅಲ್ಲಿಂದ ಪೈಪು, ಒಬ್ಬೊಬ್ಬ ಅಕ್ಕನಿಗೆ ಒಂದೊಂದು ಸಾಲು, ಗಿಡಕ್ಕೊಂದು ತೂತು. ಡ್ರಮ್ಮಿನ ಪಕ್ಕದ ಸಾಲು ಪಾಪಕ್ಕನವರದು, ಕೊನೆಯದು ಸಂಘದ ಅಧ್ಯಕ್ಷೆ ಪಾಲಮ್ಮನವರದು. ನೀರು ಬಿಟ್ಟ ದಿನ ಪಾಪಕ್ಕ ಬದನೆ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ, “ಏನವ್ವಾ ಇದು, ನೆಗಡಿ ಬಂದ ಮೂಗಿನಂಗೆ ತೊಟ್ಟಿಕ್ತೈತೆ! ಗಿಡಕ್ಕೆ ನೀರು ಬಿಡ್ತೀಯೋ, ಕೂಸಿಗೆ ಔಷ್ದಿ ಹಾಕ್ತೀಯೋ?” ಎಂದರು. ನಾನು ಪ್ರೆಷರ್, ಯೂನಿಫಾರ್ಮಿಟಿ ಎಂದು ನನಗೂ ಪೂರ್ತಿ ತಿಳಿಯದ್ದನ್ನು ವಿವರಿಸುತ್ತಿರುವಾಗಲೇ, ಬಳೆಯಲ್ಲಿದ್ದ ತಮ್ಮನ್ನು ಬಿಚ್ಚಿಕೊಂಡು ಪೈಪಿಗೆ ಚುಚ್ಚಿಯೇಬಿಟ್ಟರು.

ಆಹಾ, ತಮ್ಮ ಕಾರ್ಯದಕ್ಷತೆಯೇ! ಡ್ರಾಯಿಂಗ್ ಶೀಟಿನ ಮೇಲೆ ಒಂದು ಸೆಮಿಸ್ಟರ್ ಬೆವರು ಸುರಿಸಿ ನಾವು ಮಾಡಿದ ಡಿಸೈನನ್ನು ತಾವು ಒಂದು ಸೀನು ಸೀನುವಷ್ಟರಲ್ಲಿ ತಿದ್ದಿದಿರಿ. ಸಂಜೆಯೊಳಗೆ ಪಕ್ಕದ ಸಾಲುಗಳಲ್ಲೂ ತಮ್ಮ ಬಂಧುಬಳಗ ಕೆಲಸಕ್ಕಿಳಿಯಿತು. ಇತ್ತ ಕಪ್ಪೆ ಈಜುವಷ್ಟು ನೀರು. ಅತ್ತ ಪಾಲಮ್ಮನವರ ಮಲ್ಲಿಗೆ ಬುಡದಲ್ಲಿ ಪೈಪು ಬರೀ ಗಾಳಿ ಊದುತ್ತಿತ್ತು. ಲೋಹಿತ ಬೆಂಕಿಕಡ್ಡಿ ಮುರಿದು ತೂತುಗಳಿಗೆ ಬೆಣೆ ಹೊಡೆದ. ನಾವು ಬಸ್ಸು ಹತ್ತುವ ಮೊದಲೇ ತಾವು ಪಕ್ಕದಲ್ಲಿ ಹೊಸತು ಕೊರೆದಿರಿ. “ಅವಳ ಬದ್ನೇಕಾಯಿಗೆ ಸ್ನಾನ, ನನ್ ಮಲ್ಲಿಗೆಗೆ ಉಪವಾಸ. ಬರ್ಲಿ ನಿಮ್ ಸಾಹೇಬ್ರು, ಎಲ್ಲಾ ಹೇಳ್ತೀನಿ” ಎಂದರು ಪಾಲಮ್ಮ.

ಅಧ್ಯಕ್ಷೆಯ ಮಾತು. ಹೆದರಿ ನಾವು ಕಟ್ಟೆ ಕಿತ್ತು, ಡ್ರಮ್ಮು ಉರುಳಿಸಿಕೊಂಡು ಹೋಗಿ ಅವರ ತುದಿಯಲ್ಲೇ ಕೂರಿಸಿದೆವು. ನ್ಯಾಯ ಗೆದ್ದಿತೆಂದು ಹಾಸ್ಟೆಲಿನ ಸಾರೂ ಅಂದು ರುಚಿಯಾಗಿತ್ತು. ಮರುದಿನ ಹೋಗಿ ನೋಡಿದರೆ ಪಾಲಮ್ಮನವರ ಸಾಲೇ ಕೆರೆ! ಕೇಳಿದರೆ, ತಾಳಿ ಸರಕ್ಕೆ ತಮ್ಮನ್ನು ಸಿಕ್ಕಿಸಿಕೊಳ್ಳುತ್ತಾ, “ಬಾಳ ದಿನದಿಂದ ಬಾಯಾರಿತ್ತು ಕಣವ್ವಾ, ಒಂಚೂರು ಜಾಸ್ತಿ ಕುಡಿಸ್ದೆ” ಎಂದರು. ಈಗ ಒಣಗಿದ ತುದಿಯಿಂದ ಪಾಪಕ್ಕ, “ಸೋಮವಾರ ನನ್ಗೂ ಬಾಯಿ ಐತೆ!” ಎಂದು ಕೂಗಿದರು.

ಆದ್ದರಿಂದ ತಾವು ದಯಮಾಡಿ ಸೋಮವಾರದವರೆಗೆ ಮೊಂಡಾಗಿರಬೇಕು. ಅದು ತಮ್ಮ ಕುಲಕ್ಕೆ ಅವಮಾನವೆನಿಸಿದರೆ ತುಕ್ಕಾದರೂ ಹಿಡಿಯಬೇಕು. ಅದೂ ಆಗದಿದ್ದರೆ ಕೊರೆದ ತೂತುಗಳನ್ನೆಲ್ಲ ತಾವೇ ಹೊಲಿದುಕೊಡಬೇಕು, ಹೇಗಿದ್ದರೂ ಸೂಜಿ ತಮಗೆ ಸಂಬಂಧವೇ ತಾನೆ. ಯಾವುದೂ ಬೇಡವೆಂದರೆ ವೈವಾಗೆ ನನ್ನ ಬದಲು ತಾವೇ ಕೂರಿ. ಪೈಪಿನ ಒಳಹೊರಗು ನನಗಿಂತ ತಮಗೇ ಚೆನ್ನಾಗಿ ಗೊತ್ತು.

ತಮ್ಮ ಮೊನೆಗೆ ಅಂಜಿ ನಡೆಯುವ ವಿಶ್ವಾಸಿ,
ಶಿಲ್ಪ

ತಾ.ಕ.: ಡ್ರಮ್ಮು ನಡುವೆ ಇಟ್ಟರೆ ಎರಡೂ ತುದಿಗೆ ಸಮ ಎಂದಿದ್ದಾರೆ ನಮ್ಮ ಸರ್. ನಡುವಿನ ಸಾಲು ರೇಣುಕಮ್ಮನವರದು. ಇಷ್ಟು ದಿನ ಒಂದು ಮಾತಾಡದೆ, ಒಂದು ತೂತು ಹಾಕದೆ ಇದ್ದವರು ಅವರೊಬ್ಬರೇ ಎಂದು ನಾವೂ ಒಪ್ಪಿದೆವು. ಇವತ್ತು ಕಟ್ಟೆಗೆ ಕಲ್ಲು ಹೊರಲು ಅವರೇ ನಗುನಗುತ್ತಾ ಕೈಜೋಡಿಸಿದರು. ಆ ಕೈಯ ಬಳೆಯಲ್ಲಿ ತಮ್ಮ ಇಡೀ ಕುಟುಂಬ ಗೊಂಚಲಾಗಿ ತೂಗುತ್ತಿತ್ತು. ದಯವಿಟ್ಟು ಬೇಗ ಉತ್ತರ ಬರೆಯಿರಿ.