ಪೇತ್ರನ ಪುಟಕ್ಕೆ ಕೂಗಿದ ಹುಂಜ

ದಿನಾ ಬೈಬಲ್ ಓದಿದರೆ ಮನುಷ್ಯನಿಗೆ ಒಳ್ಳೆಯದಾಗುತ್ತದೆ ಎಂದು ನಮ್ಮ ಪಾದ್ರಿಗಳು ಹೇಳುತ್ತಲೇ ಬಂದಿದ್ದಾರೆ. ಹುಂಜಕ್ಕೂ ಒಳ್ಳೆಯದಾಗುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಶಿರಸಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಒಂದು ಅಧ್ಯಾಯ ಗಟ್ಟಿಯಾಗಿ ಓದುವುದು ನನ್ನ ಕೆಲಸ. ಓದು ಮುಗಿಯದೆ ಅಮ್ಮ ಚಹಾ ಸೋಸುವುದಿಲ್ಲ. ಹೀಗಾಗಿ ನನ್ನ ಭಕ್ತಿಗೆ ಒಳ್ಳೆಯ ವೇಗವಿದೆ. ಇಸ್ರಾಯೇಲರನ್ನು ಕೆಂಪು ಸಮುದ್ರ ದಾಟಿಸಿದಷ್ಟು ಬೇಗ ನಾನು ಐದು ರಸ್ತೆ ಸರ್ಕಲ್ಲನ್ನೂ ದಾಟಿದವನಲ್ಲ.

ಆ ಭಾನುವಾರ ನನ್ನ ಹೆಂಡತಿ ಲಿಲ್ಲಿಯ ಅಣ್ಣ, ಯಲ್ಲಾಪುರದ ಫ್ರಾನ್ಸಿಸ್ ಭಾವ, ಊಟಕ್ಕೆ ಬರುವವರಿದ್ದರು. ಹಿಂದೊಮ್ಮೆ ಅರಬೈಲು ಘಟ್ಟದಲ್ಲಿ ನನ್ನ ಸ್ಕೂಟರ್ ಕೈಕೊಟ್ಟಾಗ ನನ್ನನ್ನೂ ಅದನ್ನೂ ತಮ್ಮ ಟೆಂಪೋಗೆ ಏರಿಸಿಕೊಂಡು ಕಾಪಾಡಿದವರು. ಆಗ ಜೋರು ಮಳೆ ಎನ್ನುತ್ತೇನೆ. ಉರಿಬಿಸಿಲು ಎಂದೂ ಹೇಳಿದ್ದೇನಂತೆ. ನನ್ನ ನೆನಪು ಕೇಳುವವರ ಮುಖ ನೋಡಿ ಹವಾಮಾನ ಬದಲಿಸುತ್ತದೆ. ಊರ ಕೋಳಿ ಊಟ ಹಾಕಿಸುತ್ತೇನೆಂದು ಮಾತು ಕೊಟ್ಟದ್ದು ಮಾತ್ರ ನಿಜ. ಅದಕ್ಕೆಂದೇ ಸಾಕಿದ ಕೆಂಪು ಹುಂಜ ಜಗಲಿಯ ಮೇಲೆ ಬುಟ್ಟಿಯಡಿ ಕಾಯುತ್ತಿತ್ತು.

ಅಂದಿನ ಓದು ಪೇತ್ರನದು. ಎಲ್ಲರೂ ಕೈಬಿಟ್ಟರೂ ನಾನು ಬಿಡುವವನಲ್ಲ ಎಂದು ಯೇಸುವಿಗೆ ಎದೆತಟ್ಟಿ ಹೇಳಿದವನು, ಹೆದರಿಕೆ ಬಂದಾಗ ಅವನು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿಬಿಡುತ್ತಾನೆ. ಆಗ ಕೋಳಿ ಕೂಗುತ್ತದೆ. ನಮ್ಮದೂ ಕೂಗಿತು.

"ಸರೀ ಅದೇ ಮಾತಿಗೆ ಕೂಗ್ತು!" ಅಮ್ಮ ಶಿಲುಬೆಯ ಗುರುತು ಹಾಕಿಕೊಂಡರು.

"ಬೆಳಗಾದ್ರೆ ಹುಂಜ ಕೂಗ್ದೆ ಎಂತ ಮಾಡ್ತದೆ ಅತ್ತೆ?" ಅಂದಳು ಲಿಲ್ಲಿ, ಮಸಾಲೆ ಹುರಿಯುತ್ತಾ.

"ದೇವರ ವಾಕ್ಯಕ್ಕೆ ಸಾಕ್ಷಿ ಹೇಳಿದ್ದನ್ನ ಸಾರು ಮಾಡ್ತ್ಯನೇ? ಹೇಳೋ, ಓದಿದವ ನೀನು. ಯಾವಾಗ ಕೂಗ್ತು?"

ಆ ಮಾತಿಗೆ ಮೊದಲೇ ಕೂಗಿತೋ, ಆಮೇಲೆ ಕೂಗಿತೋ, ದೇವರಾಣೆ ಗೊತ್ತಿಲ್ಲ. ನನ್ನ ಕಣ್ಣು ಚಹಾದ ಮೇಲಿತ್ತು. ಅಮ್ಮನ ಕಡೆ ತಿರುಗಿ "ಹೂಂ" ಎಂದೆ. ಲಿಲ್ಲಿಯ ಕಡೆ ತಿರುಗಿಯೂ "ಹೂಂ" ಎಂದೆ. ಅಮ್ಮ ಪುಟ ಮಗುಚಿ, ಅದೇ ಪೇತ್ರನನ್ನು ದೇವದೂತ ಸೆರೆಯಿಂದ ಬಿಡಿಸುವ ಭಾಗ ಓದಿಸಿದರು. ಸಂಕೋಲೆ ಕಳಚಿತು, ಬಾಗಿಲು ತಾನಾಗಿ ತೆರೆಯಿತು ಎನ್ನುವಷ್ಟರಲ್ಲಿ ಜಗಲಿಯಲ್ಲಿ ರೆಕ್ಕೆ ಬಡಿದ ಸದ್ದು.

"ಬುಟ್ಟಿ ತೆಗೆದದ್ದು ಯಾರು?" ಲಿಲ್ಲಿ ಕೂಗಿದಳು.

"ತನ್ನಷ್ಟಕ್ಕೇ ತೆರ್ಕೊಂತು," ಅಂದರು ಅಮ್ಮ, ಬುಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು.

ಮಧ್ಯಾಹ್ನ ಭಾವ ಬಂದರು. ಅಂಗಳದಲ್ಲಿ ಹುಂಜ ಅವರ ಚಪ್ಪಲಿ ಕುಕ್ಕಿ ಸ್ವಾಗತಿಸಿತು.

"ಚೊಲೋ ಬೆಳೆದದಲ್ಲ ಭಾವ, ನಿಮ್ದೇಯಾ?" ಅಂದರು ಫ್ರಾನ್ಸಿಸ್. ತಂಗಿಯ ಗಂಡನಾದ ನಾನೂ ಅವರಿಗೆ ಭಾವನೇ.

"ಪಕ್ಕದ ಮನೇದು ಇರ್ಬೇಕು."

"ಫೋನಲ್ಲಿ ಕೆಂಪು ಹುಂಜ ಅಂದಿದ್ರಿ?"

"ಹಾಗಂದ್ನಾ? ನೆನಪಿಲ್ಲ."

ಬಡಿಸಿದ್ದು ಮೊಟ್ಟೆ ಸಾರು. ಭಾವ ಮೊಟ್ಟೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಕೇಳಿದರು: "ಹಂಗಾರೆ ಆ ಹುಂಜ ಎಲ್ಲಿ ಹೋತು?"

"ಯಾವ ಹುಂಜ? ನಂಗೆ ಗೊತ್ತೇ ಇಲ್ಲ ಮಾರಾಯ್ರೆ!"

ಹುಂಜ ಕಿಟಕಿಯ ಮೇಲೆ ಹಾರಿ ಕೂತು ಕೂಗಿತು. ಈ ಸಲ ಯಾವಾಗ ಕೂಗಿತೆಂದು ಯಾರೂ ವಾದ ಮಾಡಲಿಲ್ಲ. ಲಿಲ್ಲಿ ಸೌಟು ಬಿಟ್ಟು ನಗತೊಡಗಿದಳು.

"ಮೂರಾತು ಭಾವ," ಅಂದರು ಫ್ರಾನ್ಸಿಸ್. ಅವರ ಮನೆಯಲ್ಲೂ ದಿನಾ ಓದುತ್ತಾರೆಂದು ತೋರುತ್ತದೆ.

ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತನಂತೆ. ನಾನು ಹೊರಗೆ ಹೋಗಿ, ಕೋಳಿ ಅಂಗಡಿಗೆ ಹೊರಡಲು ಸ್ಕೂಟರಿನ ಕಿಕ್ ಒದ್ದೆ. ಒದ್ದೇ ಒದ್ದೆ. ಕೊನೆಗೆ ಭಾವ ಕೈ ತೊಳೆದು ಬಂದು ಟೆಂಪೋ ಚಾಲೂ ಮಾಡಿ, "ಹತ್ರಿ," ಅಂದರು.

ಹತ್ತಿದೆ. ಕೃತಜ್ಞತೆಯಿಂದ ಎದೆ ತುಂಬಿ, ನನ್ನ ಬಾಯಿ ತಾನಾಗಿ ತೆರೆಯಿತು: "ಮುಂದಿನ ಸಲ ಬನ್ನಿ ಭಾವ. ಖಂಡಿತ ಊರ ಕೋಳಿ."