ಸಾಹೇಬರಿಗೇ ಪಾಸ್

ಚಹಾ ಕುಡಿಯುವಾಗ ಬಾಯನ್ನು ಚಹಾ ಕುಡಿಯುವುದಕ್ಕೆ ಮಾತ್ರ ಬಳಸಬೇಕೆಂಬ ಬುದ್ಧಿ ಟಪಾಲು ಗುಮಾಸ್ತನಿಗೆ ಇದ್ದಿದ್ದರೆ ಅವತ್ತಿನ ಫಜೀತಿ ಯಾವುದೂ ಆಗುತ್ತಿರಲಿಲ್ಲ. ಬೆಳಗಿನ ಹನ್ನೊಂದು ಗಂಟೆಗೆ ಲೋಟ ಹಿಡಿದು ನಿಂತವನು ಟೈಪಿಸ್ಟ್ ಅಕ್ಕನ ಮುಂದೆ ಅಂದೇಬಿಟ್ಟ:

"ನಮ್ಮ ಕಚೇರಿ ಫುಟ್‌ಬಾಲ್ ಟೀಮು ಗೋಲು ಹೇಗೆ ಹೊಡೆಯುತ್ತಕ್ಕಾ? ಚೆಂಡು ಗೋಲಿನ ಬಾಯಿ ತನಕ ಹೋಗುತ್ತೆ. ಅಲ್ಲಿ ಸಾಹೇಬರು ಯಾವಾಗ ಬರ್ತಾರೋ ಅಂತ ನಿಂತ್ಕೊಳ್ಳುತ್ತೆ."

ಅಕ್ಕ ನಗಲಿಲ್ಲ. ಅಕ್ಕನ ಕಣ್ಣು ಅವನ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಅಲ್ಲೇ ನೆಟ್ಟಿತು. ಟಪಾಲು ತಿರುಗಿ ನೋಡಿದರೆ ಸಾಹೇಬರು, ಅವರ ಕೈಯಲ್ಲೂ ಒಂದು ಲೋಟ.

"ನಮ್ಮ ಆಕ್ರಮಣದಲ್ಲಿ ಏನು ಕೊರತೆ, ಏನು ಸರಿಪಡಿಸಬೇಕು, ಬರೆದು ಕೊಡಿ," ಅಂದರು ಅವರು ತಣ್ಣಗೆ. "ಮೂರು ಗಂಟೆಗೆ ನನ್ನ ಮೇಜಿನ ಮೇಲಿರಲಿ. ಐದಕ್ಕೆ ವಿದ್ಯುತ್ ಕಚೇರಿಯವರ ಜೊತೆ ಪಂದ್ಯ ಇದೆಯಲ್ಲ." ಬಾಗಿಲ ತನಕ ಹೋದವರು ನಿಂತು, "ಕ್ರಮವಾಗಿ ಬರಲಿ. ಹೆಡ್ ಗುಮಾಸ್ತರು, ಸೂಪರಿಂಟೆಂಡೆಂಟರು ನೋಡಿ ಸಹಿ ಹಾಕಿರಲಿ," ಎಂದು ಸೇರಿಸಿದರು.

ಟಪಾಲು ಅರ್ಧ ಚಹಾ ಬಿಟ್ಟು ತನ್ನ ಮೇಜಿಗೆ ನಡೆದ.

ಅವನು ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತ. ಬಂದ ಕಾಗದಕ್ಕೂ ಹೋಗುವ ಕಾಗದಕ್ಕೂ ಹನ್ನೊಂದು ವರ್ಷ ಸೀಲು ಒತ್ತಿ ಒತ್ತಿ ಅವನ ಸ್ವಂತ ಹೆಸರು ಎಲ್ಲರಿಗೂ ಮರೆತೇ ಹೋಗಿ ಬರೀ ಟಪಾಲು ಉಳಿದಿತ್ತು. ಹನ್ನೊಂದು ವರ್ಷವೂ ಅವನು ಹಂಗಾಮಿ. ಅತ್ತೆ ನೆಂಟರಿಗೆ ಪರಿಚಯಿಸುವಾಗ "ಇವರು ನಮ್ಮ ಹಂಗಾಮಿ ಅಳಿಯಂದಿರು" ಅಂತಲೇ ಅನ್ನುತ್ತಿದ್ದರು. ಅವನನ್ನು ಖಾಯಂ ಮಾಡುವ ಫೈಲು ಮೇಜಿಂದ ಮೇಜಿಗೆ ಕುಂಟುತ್ತ ಏರಿ, ಹೋದ ವಾರವಷ್ಟೇ ಸಾಹೇಬರ ಮೇಜು ತಲುಪಿತ್ತು. ಬೇಕಾದದ್ದು ಒಂದೇ ಒಂದು ಸಹಿ. ಖಾಯಂ ಆಗುವವರ ಪಟ್ಟಿ ನಾಳೆ ಬೆಳಿಗ್ಗೆ ಮುಖ್ಯ ಕಚೇರಿಗೆ ಹೊರಡಬೇಕು. ಇದು ತಪ್ಪಿದರೆ ಮುಂದಿನ ಪಟ್ಟಿ ಯಾವ ಕಾಲಕ್ಕೋ ದೇವರೇ ಬಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಸಹಿ ಆಯ್ತಾ?"

"ಇನ್ನೂ ಇಲ್ಲ ಕಣೇ."

"ಸಾಹೇಬರ ಮೂಡು ಹೇಗಿದೆ?"

"ಬೆಳಿಗ್ಗೆ ಚೆನ್ನಾಗಿತ್ತಂತೆ. ಹನ್ನೊಂದಕ್ಕೆ ನಾನು ಕೆಡಿಸಿದೆ."

"ಅಮ್ಮ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯಾಯ್ತು, ಅಳಿಯಂದಿರು ಖಾಯಂ ಅಂತ. ನನ್ನ ಮಾನ ತೆಗೀಬೇಡಿ."

ಟಪಾಲು ಕಾಗದ ಎಳೆದುಕೊಂಡ. ನಿಜ ಅವನಿಗೆ ಗೊತ್ತಿತ್ತು. ಮೂರು ವರ್ಷ ಮೈದಾನದ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ಕೂತು ಪ್ರತಿ ಪಂದ್ಯವನ್ನೂ ನೋಡಿದ್ದ. ಹದಿನೇಳು ಪಂದ್ಯ, ಗೋಲು ಸೊನ್ನೆ. ಸಾಹೇಬರೇ ನಾಯಕರು, ಎಲ್ಲರಿಗಿಂತ ಮುಂದೆ ಆಡುವವರೂ ಅವರೇ. ಅವರ ನಿವೃತ್ತಿಗೆ ಎರಡು ವರ್ಷ ಬಾಕಿ, ಮೊಣಕಾಲು ಮಾತ್ರ ಆಗಲೇ ನಿವೃತ್ತಿ ತೆಗೆದುಕೊಂಡಿತ್ತು. ಆದರೂ ಗೋಲಿನ ಎದುರು ಬಟ್ಟಾಬಯಲಿದ್ದರೂ ಹೆಡ್ ಗುಮಾಸ್ತರು ಹೊಡೆಯುತ್ತಿರಲಿಲ್ಲ, ಸೂಪರಿಂಟೆಂಡೆಂಟರಿಗೆ ಪಾಸ್ ಕೊಡುತ್ತಿದ್ದರು. ಸೂಪರಿಂಟೆಂಡೆಂಟರು ಚೆಂಡಿನ ಮೇಲೆ ಕಾಲಿಟ್ಟು, ಏದುಸಿರು ಬಿಡುತ್ತ ಬರುವ ಸಾಹೇಬರಿಗಾಗಿ ಕಾಯುತ್ತಿದ್ದರು. ಸಾಹೇಬರು ಬಲಗಡೆ ನಿಲ್ಲುತ್ತಾರೆಂದು ಇಡೀ ತಂಡ ಬಲಕ್ಕೇ ವಾಲುತ್ತಿತ್ತು. ಎಡಗಡೆ ಹಸು ಮೇಯಿಸಬಹುದಿತ್ತು.

ಇದನ್ನೆಲ್ಲ ಒಂದೂವರೆ ಪುಟ ಬರೆದು, ಕೊನೆಗೆ ಪರಿಹಾರದ ಒಂದು ಸಾಲು ಸೇರಿಸಿ, ಹೆಡ್ ಗುಮಾಸ್ತರ ಮುಂದಿಟ್ಟ.

"ನಾನು ಹೊಡೆಯೋದಿಲ್ಲ ಅಂತ ಬರೆದಿದೀರಲ್ರೀ," ಅಂದರು ಅವರು. "ನನಗೆ ಹೊಡೆಯೋಕೆ ಬರಲ್ವಾ? ಸಾಹೇಬರು ಮೈದಾನದಲ್ಲಿರುವಾಗ ನಾನು ಹೊಡೆಯೋದು ಮರ್ಯಾದೇನಾ?" ಮಧ್ಯದ ಆಟದ ಬಗ್ಗೆ ಇದ್ದ ಪ್ಯಾರಾ ಪೂರ್ತಿ ಹೊಡೆದುಹಾಕಿ ಸಹಿ ಮಾಡಿದರು.

ಸೂಪರಿಂಟೆಂಡೆಂಟರು ಕನ್ನಡಕ ಏರಿಸಿ ಓದಿದರು. "ಕಾಲಿಟ್ಟು ಕಾಯ್ತಾರೆ, ಇದು ನಾನು ತಾನೇ? ತೆಗೀರಿ. ಬಲಗಡೆ ಅಂದ್ರೆ ಸಾಹೇಬರು ಅಂತ ಮಗುವಿಗೂ ಗೊತ್ತಾಗುತ್ತೆ. ಅದೂ ತೆಗೀರಿ. ಮೊಣಕಾಲು ಅನ್ನೋ ಶಬ್ದವೇ ಈ ಕಚೇರೀಲಿ ಕೇಳಿಸಬಾರದು. ಕೊನೆಯ ಸಾಲು ಇರಲಿ, ಅದು ಸಾಹೇಬರ ಹೊರೆ ಇಳಿಸೋ ಮಾತು." ಅವರೂ ಸಹಿ ಹಾಕಿದರು.

ಕೊನೆಗೆ ಟೈಪಿಸ್ಟ್ ಅಕ್ಕ ಟೈಪು ಮಾಡುತ್ತ, "ಸೊನ್ನೆ ಅಂತ ಬೇಡಪ್ಪಾ, ಅವರಿಗೆ ಬೇಜಾರಾಗುತ್ತೆ," ಎಂದು ಅಂಕಿಯನ್ನೂ ಬಿಟ್ಟಳು. ಮೂರಕ್ಕೆ ಎರಡು ನಿಮಿಷವಿರುವಾಗ ಟಪಾಲಿನ ಕೈಯಲ್ಲಿದ್ದದ್ದು ಟೈಪಾದ ಹಾಳೆಗೆ ಮತ್ತೆ ಹಾಕಿಸಿದ ಎರಡು ಸಹಿ, ಒಂದು ಸಾಲು: "ಎಲ್ಲವನ್ನೂ ಸಾಹೇಬರ ತನಕ ತರುವುದು ನಿಲ್ಲಬೇಕು, ಯಾರಿಗೆ ಸಿಕ್ಕಿತೋ ಅವರು ಅಲ್ಲೇ ಮುಗಿಸಬೇಕು." ಆ ಕಾಗದದಲ್ಲಿ ಚೆಂಡು ಎಂಬ ಮಾತೇ ಉಳಿದಿರಲಿಲ್ಲ.

ಸಾಹೇಬರು ಓದಿದರು. ಮತ್ತೆ ಓದಿದರು. ಕಿಟಕಿಯಾಚೆ ನೋಡಿದರು. "ಹೂಂ. ನೀವು ಹೋಗಿ," ಅಂದರು. ಆ ಹೂಂಕಾರವನ್ನು ಐದು ಗಂಟೆಯವರೆಗೆ ಟಪಾಲು ಮನಸ್ಸಿನಲ್ಲೇ ತಿರುವಿ ಮುರುವಿ ನೋಡಿದ. ಒಂದು ಸಲ ಅದು ಸಹಿ ಹಾಕುವ ಹೂಂ ಅನ್ನಿಸಿದರೆ ಇನ್ನೊಂದು ಸಲ ಮನೆಗೆ ಕಳಿಸುವ ಹೂಂ ಅನ್ನಿಸಿತು.

ಮೈದಾನದಲ್ಲಿ ಸಾಹೇಬರು ತಂಡವನ್ನು ಸುತ್ತ ನಿಲ್ಲಿಸಿಕೊಂಡು, "ಇವತ್ತು ಯಾರೂ ನನಗೆ ಪಾಸ್ ಕೊಡಕೂಡದು. ಸಿಕ್ಕವರು ಹೊಡೀರಿ," ಅಂದರು. ಹತ್ತು ಮುಖಗಳೂ ಬಿಳಿಚಿದವು. ಮೊದಲರ್ಧ ಪೂರ್ತಿ ಚೆಂಡು ಕಾಲಿಗೆ ಬಂದರೆ ಕೆಂಡ ಬಂದಂತೆ ಎಲ್ಲರೂ ಹಿಂದೆ ಸರಿದರು. ಅಂಚಿನಲ್ಲಿ ಟಪಾಲು ಉಗುರೆಲ್ಲ ಕಚ್ಚಿ ಮುಗಿಸಿದ್ದ. ಸೋತರೆ ವರದಿ ಬರೆದವನ ತಲೆಗೇ ಬರುತ್ತದೆಂದು ಅವನಿಗೆ ಖಾತ್ರಿಯಿತ್ತು.

ಇನ್ನು ನಾಲ್ಕು ನಿಮಿಷವಿರುವಾಗ ಚೆಂಡು ಎಡಗಡೆಯ ಬಯಲಲ್ಲಿ ಹೆಡ್ ಗುಮಾಸ್ತರಿಗೆ ಸಿಕ್ಕಿತು. ಅವರು ಅಭ್ಯಾಸಬಲದಿಂದ ಸಾಹೇಬರ ಕಡೆ ನೋಡಿದರು. ಸಾಹೇಬರು ಬೆನ್ನು ತಿರುಗಿಸಿ ನಿಂತರು. ಬೇರೆ ದಾರಿ ಕಾಣದೆ ಹೆಡ್ ಗುಮಾಸ್ತರು ಕಣ್ಣು ಮುಚ್ಚಿ ಒದ್ದರು. ಬಲೆ ಅಲುಗಿತು. ಅವರು ಕಳ್ಳ ಸಹಿ ಮಾಡಿ ಸಿಕ್ಕಿಬಿದ್ದವರಂತೆ ಸುತ್ತಮುತ್ತ ನೋಡುತ್ತ ನಿಂತುಬಿಟ್ಟರು. ಒಂದು ಗೋಲು, ಮೂರು ವರ್ಷದ ಮೊದಲ ಗೆಲುವು.

ಸಾಹೇಬರು ಕುಂಟುತ್ತ ಬಂದು ಟಪಾಲಿನ ಬೆನ್ನು ತಟ್ಟಿದರು. ಇದಕ್ಕಿಂತ ಒಳ್ಳೆಯ ಗಳಿಗೆ ಜನ್ಮದಲ್ಲಿ ಬಾರದೆಂದು ಅವನು ಧೈರ್ಯ ಮಾಡಿದ. "ಸಾರ್, ನನ್ನ ಖಾಯಂ ಫೈಲು ತಮ್ಮ ಮೇಜಿನ ಮೇಲೆ..."

"ಈಗ ಇಲ್ಲ," ಅಂದರು ಸಾಹೇಬರು ಸಂತೋಷದಿಂದ. "ನಿಮ್ಮ ವರದಿ ಓದಿದ್ಮೇಲೆ ನನ್ನ ಕಣ್ಣು ತೆರೀತು ನೋಡಿ. ಬರೀ ಚೆಂಡೇನಾ, ಇಡೀ ಕಚೇರಿ ಕೆಲಸ ನನ್ನ ಕಾಲ ಹತ್ರ ಬಂದು ಬಿದ್ದಿರುತ್ತೆ. ಮೂರೂವರೆಗೇ ಎಲ್ಲಾ ಫೈಲೂ ಕೆಳಗೆ ಕಳಿಸಿಬಿಟ್ಟೆ. ಸಿಕ್ಕವರು ಅಲ್ಲೇ ಮುಗಿಸಲಿ."

ಟಪಾಲು ಸೂಪರಿಂಟೆಂಡೆಂಟರ ಕಡೆ ತಿರುಗಿದ. "ನಾನು ಆಗಲೇ ಹೆಡ್ ಗುಮಾಸ್ತರಿಗೆ ಕಳಿಸಿದೆನಲ್ಲ," ಅಂದರು ಅವರು. ಹೆಡ್ ಗುಮಾಸ್ತರು ಬೆವರೊರೆಸಿಕೊಂಡು, "ನನ್ನ ಕೆಳಗೆ ಇರೋ ಗುಮಾಸ್ತರು ನೀವೊಬ್ಬರೇ. ಮೈದಾನಕ್ಕೆ ಹೊರಡುವಾಗ ನಿಮ್ಮ ಮೇಜಿನ ಮೇಲೆ ಇಟ್ಟು ಬಂದಿದೀನಿ," ಅಂದರು.

ಅವನು ಕಚೇರಿಗೆ ಓಡಿದ. ಏರಲು ಹನ್ನೊಂದು ವರ್ಷ ಹಿಡಿದ ಫೈಲು ಇಳಿಯಲು ಒಂದೂವರೆ ಗಂಟೆಯೂ ಹಿಡಿದಿರಲಿಲ್ಲ. ಮೂರು ಬಗೆಯ ಶಾಯಿಯಲ್ಲಿ ಮೂವರೂ ಒಂದೇ ಮಾತು ಬರೆದಿದ್ದರು: "ಕೆಳಹಂತದಲ್ಲೇ ತೀರ್ಮಾನಿಸಿ." ಟಪಾಲಿನ ಕೆಳಗೆ ಇದ್ದದ್ದು ಕುರ್ಚಿ ಒಂದೇ.

ಹಿಂದಿನಿಂದ ಬಂದ ಹೆಡ್ ಗುಮಾಸ್ತರು ಬಾಗಿಲಲ್ಲೇ ನಿಂತು, "ಹಾಕಿ ಸಹಿ, ಯಾರು ಬೇಡ ಅಂದ್ರು? ಆದರೆ ತನ್ನನ್ನ ತಾನೇ ಖಾಯಂ ಮಾಡ್ಕೊಂಡ ಅಂತ ನಾಳೆ ವಿಚಾರಣೆ ಬಂದ್ರೆ ನನ್ನನ್ನ ಎಳೀಬೇಡಿ," ಎಂದು ಹೇಳಿ ಹೋದರು.

ಟಪಾಲು ಪೆನ್ನು ತೆರೆದ. ಪಕ್ಕದಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಹೆಂಡತಿಯದು. ಅವನು ಎತ್ತಲಿಲ್ಲ. ಸುತ್ತ ಖಾಲಿ ಕುರ್ಚಿಗಳು, ತಡೆಯುವವರು ಯಾರೂ ಇಲ್ಲ. ಅವನು ಅತ್ತಿತ್ತ ನೋಡಿದ. ಆಮೇಲೆ ದುಂಡಗಿನ ಅಕ್ಷರದಲ್ಲಿ "ಮೇಲಿನ ಆದೇಶಕ್ಕಾಗಿ ಸಲ್ಲಿಸಿದೆ" ಎಂದು ಬರೆದು, ಅದರ ಮೇಲೆ ಸೀಲು ಒತ್ತಿ, ಫೈಲನ್ನು ಹೆಡ್ ಗುಮಾಸ್ತರ ಮೇಜಿನ ಮೇಲಿಟ್ಟು ಬಂದ.